ಕಾಯ್ದೆ ದಿಲ್ಲಿಯದು, ರಸ್ತೆ ತುಬಚಿಯದು

ಕೃಷ್ಣಾ ತೀರದ ತುಬಚಿ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಅದರ ಹೆಸರು ಹೊರಗಿನವರಿಗೂ ಪರಿಚಿತವಾಗಿದೆ. ಈ ಭಾಗದಲ್ಲಿ ನೀರು ಬಂದ ಕಡೆಗೆಲ್ಲ ಕಬ್ಬು ಬಂತು. ಕಬ್ಬಿನ ಹಿಂದೆಯೇ ಟ್ರ್ಯಾಕ್ಟರು ಬಂತು. ಹಂಗಾಮು ಶುರುವಾದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಕಾರ್ಖಾನೆಯ ದಾರಿ ಹಿಡಿಯುತ್ತವೆ. ಕಬ್ಬಿನ ತುದಿಗಳು ಇಳಿಬಿದ್ದು ಟ್ರೇಲರಿನ ಹಿಂಬದಿಯನ್ನು ಮುಚ್ಚಿರುತ್ತವೆ. ಹಿಂದೀಪ ಇಲ್ಲದಿದ್ದರೆ, ಕತ್ತಲಲ್ಲಿ ಬರುವ ಬೈಕ್ ಸವಾರನಿಗೆ ಅದು ಕಣ್ಣಿಗೆ ಬೀಳುವುದು ತೀರ ಹತ್ತಿರ ಬಂದ ಮೇಲೆಯೇ.

ಇಂಥ ಕಡೆ ಅಪಘಾತವಾದರೆ ತಪ್ಪು ಯಾರದು? ವೇಗವಾಗಿ ಬಂದ ಸವಾರನದೇ, ದೀಪವಿಲ್ಲದ ಗಾಡಿಯದೇ, ಅಂಚು ಕಿತ್ತುಹೋದ ರಸ್ತೆಯದೇ? ಭಾರತದ ರಸ್ತೆ ಸುರಕ್ಷತೆಯ ಇತಿಹಾಸವೆಂದರೆ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರ ಬದಲಾಗುತ್ತ ಬಂದ ಕಥೆಯೇ.

ದೇಶದ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಗಾಡಿಗೆ ನೋಂದಣಿ, ಚಾಲಕನಿಗೆ ಲೈಸೆನ್ಸು ಎಂಬುದಷ್ಟೇ ಅದರ ಮುಖ್ಯ ಕಾಳಜಿಯಾಗಿತ್ತು. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದರ ಶಿಫಾರಸಿನಿಂದ ಕೇಂದ್ರ ರಸ್ತೆ ನಿಧಿಯೂ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆಯೂ ಹುಟ್ಟಿದವು. ಆಗ ದೇಶಕ್ಕೆ ಬೇಕಾಗಿದ್ದುದು ರಸ್ತೆ. ಸುರಕ್ಷತೆ ಆಮೇಲಿನ ಮಾತು.

1939ರಲ್ಲಿ ಹೊಸ ಕಾಯ್ದೆ ಬಂತು. ಜಮಖಂಡಿ, ಮುಧೋಳಗಳು ಆಗ ದೇಶೀ ಸಂಸ್ಥಾನಗಳು. ಬ್ರಿಟಿಷ್ ಇಂಡಿಯಾದ ಶಾಸನ ಅಲ್ಲಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಈ ಕಾಯ್ದೆಯ ದೊಡ್ಡ ಕೊಡುಗೆಯೆಂದರೆ ಮೂರನೆಯ ವ್ಯಕ್ತಿಗೆ ಸಲ್ಲುವ ಕಡ್ಡಾಯ ವಿಮೆ. ದಾರಿಹೋಕನೊಬ್ಬ ಗಾಡಿಗೆ ಸಿಕ್ಕಿ ಸತ್ತರೆ ಮನೆಯವರು ಪರಿಹಾರ ಕೇಳಬಹುದಾಯಿತು. ಆದರೆ ಇದು ಸಾವಿನ ನಂತರದ ನ್ಯಾಯ. ಸಾವನ್ನೇ ತಡೆಯುವ ವಿಚಾರ ಇನ್ನೂ ಮುಂದಿತ್ತು.

ವೈದ್ಯರ ದೃಷ್ಟಿ

ಆ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟವರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಮುಖ್ಯರು. 1966ರಲ್ಲಿ ಅಲ್ಲಿ ಸಂಚಾರ ಸುರಕ್ಷತೆಯ ಶಾಸನ ಬಂದಾಗ ಅದಕ್ಕಾಗಿ ಸ್ಥಾಪನೆಯಾದ ಸಂಸ್ಥೆಯ ಮೊದಲ ಮುಖ್ಯಸ್ಥರು ಅವರೇ. ಅಪಘಾತವನ್ನು ಹಣೆಬರಹವೆಂದಾಗಲಿ, ಒಬ್ಬನ ಅಜಾಗರೂಕತೆಯೆಂದಾಗಲಿ ಬಿಡದೆ ರೋಗದಂತೆ ಪರೀಕ್ಷಿಸಬೇಕೆಂಬುದು ಅವರ ವಾದ. ಅಪಘಾತಕ್ಕೆ ಮುಂಚೆ, ಅಪಘಾತದ ಕ್ಷಣದಲ್ಲಿ, ಅಪಘಾತದ ನಂತರ ಎಂಬ ಮೂರು ಹಂತಗಳಲ್ಲೂ ಮನುಷ್ಯ, ವಾಹನ ಮತ್ತು ಪರಿಸರವನ್ನು ಅವರು ಬೇರೆಬೇರೆಯಾಗಿ ನೋಡಿದರು. ಕಬ್ಬಿನ ರಸ್ತೆಗೆ ಇದನ್ನು ಹೊಂದಿಸಿದರೆ ಟ್ರೇಲರಿನ ರಿಫ್ಲೆಕ್ಟರು ಮುಂಚಿನ ಮದ್ದು, ಸವಾರನ ಹೆಲ್ಮೆಟ್ ಆ ಕ್ಷಣದ ಮದ್ದು, ಹೊತ್ತಿಗೆ ಬರುವ ಆಂಬುಲೆನ್ಸು ನಂತರದ ಮದ್ದು. ಮನುಷ್ಯ ತಪ್ಪು ಮಾಡುವುದು ಸಹಜ, ಆ ತಪ್ಪಿಗೆ ಪ್ರಾಣವೇ ದಂಡವಾಗದಂತೆ ರಸ್ತೆಯನ್ನು ಕಟ್ಟಬೇಕು ಎಂಬ ನೀತಿಯನ್ನು 1997ರಲ್ಲಿ ಸ್ವೀಡನ್ ಸಂಸತ್ತು ಒಪ್ಪಿಕೊಂಡಿತು.

ಭಾರತದ 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಹೆಲ್ಮೆಟ್ ವಿಷಯ ಇದರಲ್ಲಿ ಸೇರಿತು. ಇದರಡಿ ಬಂದ ಕೇಂದ್ರ ನಿಯಮಗಳು ರಿಫ್ಲೆಕ್ಟರುಗಳ ಬಗೆಗೂ ಹೇಳಿದವು. ಅದೇ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕಟ್ಟಿದ ಬ್ಯಾರೇಜು ಸಿದ್ಧವಾದದ್ದು ಒಂದು ಸೋಜಿಗ. ಸಿದ್ದು ನ್ಯಾಮಗೌಡರು ಅದರ ಮುಂದಾಳು. ಹಳ್ಳಿಯ ಜನ ಒಟ್ಟಾದರೆ ಸರ್ಕಾರಕ್ಕೆ ಕಾಯದೆ ನದಿಯನ್ನೇ ನಿಲ್ಲಿಸಬಲ್ಲರೆಂದು ಅದು ತೋರಿತು. ಆ ನೀರಿನಿಂದ ಬೆಳೆದ ಕಬ್ಬು ಸಾಗುವ ರಸ್ತೆಗೆ ಮಾತ್ರ ಅಂಥ ಮುತುವರ್ಜಿ ಸಿಗಲಿಲ್ಲ.

ಗುರಿ ಮತ್ತು ಲೆಕ್ಕ

1991ರಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿ ರಚನೆಯಾಯಿತು. 2010ರಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿಗೆ ಒಪ್ಪಿಗೆ ದೊರೆಯಿತು. ಕೆಲಸ ಸಾಲದೆಂದು 2014ರಲ್ಲಿ ಸುಪ್ರೀಂ ಕೋರ್ಟೇ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ನೇಮಿಸಿತು. ಮಾರನೆಯ ವರ್ಷ ಬ್ರೆಜಿಲಿಯಾ ಘೋಷಣೆಗೆ ಸಹಿ ಹಾಕಿದ ಭಾರತ 2020ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯನ್ನು ಒಪ್ಪಿತು. ಆ 2015ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,46,133 ಮಂದಿ. 2022ರಲ್ಲಿ ಸತ್ತವರು 1,68,491. ಅರ್ಧವಾಗಬೇಕಾದ ಸಂಖ್ಯೆ ಏರಿತ್ತು. ಗುರಿಯ ಗಡುವನ್ನು ಈಗ 2030ಕ್ಕೆ ಒಯ್ಯಲಾಗಿದೆ.

2019ರ ತಿದ್ದುಪಡಿಯಲ್ಲಿ ಜನರ ಬಾಯಿಗೆ ಬಿದ್ದದ್ದು ದಂಡದ ಮೊತ್ತವಷ್ಟೆ. ಕೂಗೆದ್ದಾಗ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ದಂಡ ಇಳಿಸಿದವು. ಅದಕ್ಕಿಂತ ಮಹತ್ವದ್ದು ರಸ್ತೆಯ ವಿನ್ಯಾಸ, ನಿರ್ಮಾಣ ಕಳಪೆಯಾಗಿ ಸಾವು ಸಂಭವಿಸಿದರೆ ಗುತ್ತಿಗೆದಾರನೂ ಸಂಬಂಧಪಟ್ಟ ಅಧಿಕಾರಿಯೂ ಹೊಣೆಯೆಂಬ ಹೊಸ ಕಲಮು. ಚಾಲಕನ ಕಡೆಗೇ ಚಾಚಿದ್ದ ಕಾನೂನಿನ ಬೆರಳು ರಸ್ತೆ ಕಟ್ಟಿದವರ ಕಡೆಗೂ ತಿರುಗಿತು.

ಅಪಘಾತದ ನಂತರದ ಹಂತದಲ್ಲಿ ಕರ್ನಾಟಕದ ಹೆಜ್ಜೆ ಗಟ್ಟಿಯಾದದ್ದು. 108 ಆಂಬುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ಶುರುವಾಯಿತು. 2016ರಲ್ಲಿ ಬಂದ ಸಾಂತ್ವನ ಹರೀಶ್ ಯೋಜನೆ ಗಾಯಾಳುವಿಗೆ ಮೊದಲ 48 ತಾಸು 25 ಸಾವಿರ ರೂಪಾಯಿವರೆಗೆ ಚಿಕಿತ್ಸೆ ಕೊಡಿಸಿತು. ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯಿಸುವ ನಗದುರಹಿತ ಚಿಕಿತ್ಸೆಯ ಯೋಜನೆ ತಂದದ್ದು 2025ರಲ್ಲಿ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರನ್ನು ಪೊಲೀಸರು ಪೀಡಿಸಬಾರದೆಂಬ ರಕ್ಷಣೆಗೂ ಈಗ ಕಾನೂನಿನ ಬಲವಿದೆ. ಇದನ್ನು ಹಳ್ಳಿಹಳ್ಳಿಗೂ ತಿಳಿಸಬೇಕಾಗಿದೆ. ಏಕೆಂದರೆ ಬಿದ್ದವನ ಬಳಿ ಮೊದಲು ಬರುವವರು ಪಕ್ಕದ ಹೊಲದವರೇ.

ಹಂಗಾಮಿನಲ್ಲಿ ಪೊಲೀಸರು ಟ್ರೇಲರುಗಳಿಗೆ ರಿಫ್ಲೆಕ್ಟರ್ ಹಚ್ಚುವ ಅಭಿಯಾನ ನಡೆಸುವುದುಂಟು. ಆದರೆ ಧೂಳು ಮೆತ್ತಿಕೊಂಡರೆ, ಕಬ್ಬಿನ ಸೋಗೆ ಅಡ್ಡ ಬಂದರೆ ಅದು ಹೊಳೆಯುವುದಿಲ್ಲ. ಅದನ್ನು ದಿನವೂ ನೋಡುವವರು ಬೇಕು. ಕಾರ್ಖಾನೆಯ ತೂಕದ ಕಟ್ಟೆಯ ಮೇಲೆ ಪ್ರತಿಯೊಂದು ಗಾಡಿಯೂ ನಿಂತೇ ಹೋಗುತ್ತದೆ. ಭಾರ ನೋಡುವ ಹೊತ್ತಿಗೇ ಹಿಂದೀಪವನ್ನೂ ನೋಡಿದರೆ ಅದಕ್ಕೆ ಹೊಸ ಕಾಯ್ದೆ ಬೇಕಾಗುವುದಿಲ್ಲ. ರಾಷ್ಟ್ರೀಯ ನೀತಿಯೊಂದು ತುಬಚಿಯ ರಸ್ತೆಗೆ ಬಂದು ಮುಟ್ಟುವುದು ಇಂಥ ಸಣ್ಣ ಕೆಲಸಗಳ ಮೂಲಕವೇ.