ಆಟದ ಕೊನೆಗೊಂದು ಫಾರ್ಸು

ಜಾನ್ ಮ್ಯಾಡಿಸನ್ ಮಾರ್ಟನ್ ಬರೆದ ‘ಬಾಕ್ಸ್ ಅಂಡ್ ಕಾಕ್ಸ್’ ಎಂಬ ಫಾರ್ಸು, ಅಂದರೆ ಚಿಕ್ಕ ಪ್ರಹಸನ, 1847ರ ನವೆಂಬರ್ 1ರಂದು ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಮನೆಯೊಡತಿ ಬೌನ್ಸರಮ್ಮ ಒಂದೇ ಕೋಣೆಯನ್ನು ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನಿಗೂ ಬಾಡಿಗೆಗೆ ಕೊಟ್ಟಿದ್ದಾಳೆ. ಬಾಕ್ಸನಿಗೆ ಅಚ್ಚುಕೂಟದಲ್ಲಿ ರಾತ್ರಿಪಾಳಿ, ಕಾಕ್ಸನಿಗೆ ಟೋಪಿ ಅಂಗಡಿಯಲ್ಲಿ ಹಗಲು ಕೆಲಸ. ಒಂದು ದಿನ ಕಾಕ್ಸನಿಗೆ ರಜೆ ಸಿಗುತ್ತದೆ. ಅಲ್ಲಿಗೆ ಗುಟ್ಟು ರಟ್ಟು. ಇವನು ಬೇಯಲಿಟ್ಟ ಮಾಂಸವನ್ನು ಅವನು ಕಿಟಕಿಯಿಂದಾಚೆ ಎಸೆಯುತ್ತಾನೆ, ಅವನದ್ದನ್ನು ಇವನು.

ಹೊನ್ನಾವರ ಸೀಮೆಯಲ್ಲಿ ಹವ್ಯಾಸಿ ನಾಟಕ ಕಟ್ಟಿಕೊಂಡು ಬಂದವನು ನಾನು. ಇಂಥ ಆಟ ವಸಾಹತುಗಳಿಗೆಲ್ಲ ಏಕೆ ಹಬ್ಬಿತೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರೇ ಪಾತ್ರ, ಒಂದೇ ಕೋಣೆ. ದಂಡಿನ ಪೇಟೆಗಳಲ್ಲಿ ಸಿಪಾಯಿಗಳೇ ಹೆಣ್ಣುವೇಷ ಹಾಕಿ ನಿಭಾಯಿಸಿಬಿಡುತ್ತಿದ್ದರು. ಲಂಡನ್ನಿನ ಲೇಸಿ ಎಂಬ ಪ್ರಕಾಶಕ ಇಂಥವನ್ನೆಲ್ಲ ಅಗ್ಗದ ಪುಸ್ತಿಕೆಗಳಾಗಿ ಅಚ್ಚು ಹಾಕಿ, ಯಾರು ಎತ್ತಲಿಂದ ಬರಬೇಕು, ಏನು ತೊಡಬೇಕು ಎಂಬುದನ್ನೂ ಕಾಣಿಸುತ್ತಿದ್ದ. ಗಂಭೀರ ನಾಟಕ ಮುಗಿದ ಮೇಲೆ ಜನ ನಗುತ್ತ ಮನೆಗೆ ಹೋಗಲೆಂದು ಫಾರ್ಸು ಆಡುವುದು ಆಗಿನ ವಾಡಿಕೆ.

ಮುಂಬಯಿಯಲ್ಲಿ ಈ ವಾಡಿಕೆ ನಮ್ಮವರ ಕೈಗೆ ಬಂತು. ಕೋಟೆಯೊಳಗಿದ್ದ ಹಳೆಯ ಬಾಂಬೆ ಥಿಯೇಟರು 1835ರಲ್ಲಿ ಸಾಲಕ್ಕೆ ಮಾರಾಟವಾಗಿತ್ತು. 1846ರಲ್ಲಿ ಹೊಸದು ಎದ್ದದ್ದು ಗ್ರ್ಯಾಂಟ್ ರೋಡಿನಲ್ಲಿ, ಜಗನ್ನಾಥ ಶಂಕರಶೇಟರು ಕೊಟ್ಟ ಜಾಗದಲ್ಲಿ. ದೊರೆಗಳಿಗೆ ಅದು ದೂರ, ಊರವರಿಗೆ ಹತ್ತಿರ. 1853ರಲ್ಲಿ ಅದೇ ರಂಗದ ಮೇಲೆ ಸಾಂಗಲಿಯ ವಿಷ್ಣುದಾಸ ಭಾವೆಯವರು ಮರಾಠಿ ಪೌರಾಣಿಕ ನಾಟಕ ಆಡಿದರು. ಅದೇ ವರ್ಷ ಪಾರ್ಸಿಗಳು ರುಸ್ತುಮ್ ಸೊಹ್ರಾಬರ ಕಥೆ ಆಡಿ, ಕೊನೆಗೆ ಗುಜರಾತಿ ಫಾರ್ಸು ಒಂದನ್ನು ಸೇರಿಸಿದರು. ಮರಾಠಿ ಮಂಡಳಿಗಳೂ ಬೇಗನೆ ಅದೇ ದಾರಿ ಹಿಡಿದವು. ಪುರಾಣದ ದೇವತೆಗಳು ಒಳಗೆ ಹೋದ ಮೇಲೆ ರಂಗಕ್ಕೆ ಬರುತ್ತಿದ್ದವರು ನೆರೆಮನೆಯವರು, ಆಡುಮಾತಿನವರು. ನನ್ನ ಮಟ್ಟಿಗೆ ಆ ರಾತ್ರಿಗಳಲ್ಲಿ ಹೊಸದಾಗಿ ಹುಟ್ಟಿದ್ದು ಇದೇ.

ಭಾವೆಯವರಿಗೆ ಪ್ರೇರಣೆಯಾದದ್ದು 1842ರಲ್ಲಿ ಸಾಂಗಲಿಗೆ ಹೋಗಿದ್ದ, ಹೊನ್ನಾವರದ ಬಳಿಯ ನಮ್ಮ ಕರ್ಕಿಯ ಯಕ್ಷಗಾನ ಮೇಳ. ಅದೇ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಪ್ರಕಟಿಸಿದರು. ಹವ್ಯಕರ ಮನೆಮಾತಿನಲ್ಲಿ, ದುಡ್ಡಿಗೆ ಹೆಣ್ಣು ಮಾರುವ ಪದ್ಧತಿಯ ಮೇಲೆ ಬರೆದ ನಾಟಕ ಅದು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಗಿಂತ ಮೂರು ದಶಕ ಹಿಂದಿನದು.

ರಂಗಚರಿತ್ರೆ ಬರೆಯುವವರು ಕಾಳಿದಾಸ, ಶೇಕ್ಸ್‌ಪಿಯರರ ಅನುವಾದಗಳಿಗೆ ಪುಟಗಟ್ಟಲೆ ಕೊಟ್ಟು ಫಾರ್ಸನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ. ಹವ್ಯಾಸಿ ತಂಡಗಳ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ಈ ವರ್ಷ ಇಗ್ಗಪ್ಪ ಹೆಗ್ಗಡೆಯನ್ನು ರಂಗಕ್ಕೆ ತನ್ನಿ. ಮಾತಿನ ಹವ್ಯಕ ಸೊಗಡನ್ನು ಮಾತ್ರ ತಿದ್ದಬೇಡಿ.