ಮುಖವನ್ನು ಮರಳಿ ಪಡೆದವರ ಕಥೆ

ದೋಹಾದ ನಮ್ಮ ಮಹಿಳಾ ಕೂಟಗಳಲ್ಲಿ, ಬತ್ತಿದ ಕೆನ್ನೆಗೆ ತನ್ನದೇ ದೇಹದ ಕೊಬ್ಬನ್ನು ತುಂಬಿಸಿಕೊಳ್ಳುವ ಚಿಕಿತ್ಸೆಯ ಮಾತು ಬಂದಾಗ ನಾನೂ ನಕ್ಕವಳೇ. ಅದು ಸಿರಿವಂತರ ಚಪಲವೆಂದೇ ಎಣಿಸಿದ್ದೆ. ಅದರ ಇತಿಹಾಸವನ್ನು ಓದಿದ ಮೇಲೆ ಆ ನಗೆ ಅಡಗಿತು.

ಈ ಕಥೆಯ ಎಳೆಯೊಂದು ನಮ್ಮ ಮೈಸೂರು ಸೀಮೆಗೂ ತಾಗುತ್ತದೆ. 1792ರ ಮೈಸೂರು ಯುದ್ಧದಲ್ಲಿ ಆಂಗ್ಲ ಸೇನೆಯ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ. ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಕಟ್ಟಿದ. 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಪ್ರಕಟಿಸಿತು. 1814ರಲ್ಲಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಅಲ್ಲಿ ಇದನ್ನೇ ಅನುಸರಿಸಿದ.

ದೇಹದ ಕೊರತೆಯನ್ನು ದೇಹದಿಂದಲೇ ತುಂಬುವ ಈ ತತ್ತ್ವವನ್ನು 1893ರಲ್ಲಿ ಜರ್ಮನಿಯ ನಾಯ್ಬರ್ ಕೊಬ್ಬಿಗೂ ಅನ್ವಯಿಸಿದ. ಕಣ್ಣಿನಡಿ ಕುಳಿಬಿದ್ದ ಕಲೆಯೊಂದಕ್ಕೆ ತೋಳಿನ ಕೊಬ್ಬನ್ನಿಟ್ಟು, ಸಣ್ಣ ತುಣುಕುಗಳೇ ಚೆನ್ನಾಗಿ ಉಳಿಯುತ್ತವೆಂದು ಕಂಡುಕೊಂಡ. ಕೊಬ್ಬನ್ನು ಕೊಳವೆಯಿಂದ ಹೀರುವ ವಿಧಾನ 1980ರ ದಶಕದಲ್ಲಿ ರೂಢಿಯಾದ ಬಳಿಕ, ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ಅದನ್ನು ಹನಿಹನಿಯಾಗಿ ಸೇರಿಸುವ ಕ್ರಮವನ್ನು ರೂಪಿಸಿದರು. ಹನಿ ಸಣ್ಣದಾದಷ್ಟೂ ಅದಕ್ಕೆ ರಕ್ತ ಬೇಗ ಒದಗುತ್ತದೆ. ಆದರೂ ಒಂದು ಪಾಲು ಕರಗಿಹೋಗುತ್ತದೆ. ವಿರಳವಾಗಿ ರಕ್ತನಾಳವನ್ನು ಹೊಕ್ಕು ದೃಷ್ಟಿಯನ್ನೇ ಕಳೆಯುವುದೂ ಉಂಟು.

ವಯಸ್ಸಿನ ಸುಕ್ಕಿಗೆ ಹೆದರಿ ಇದರ ಬೆನ್ನು ಹತ್ತಿರೆಂದು ನಾನು ಹೇಳಲಾರೆ. ಆದರೆ ಅಪಘಾತ, ಸುಟ್ಟಗಾಯ, ರೋಗಗಳಿಂದ ಮುಖ ಕೆಟ್ಟವರು ಅದನ್ನು ಮರಳಿ ಬಯಸಿದರೆ ಅದು ಚಪಲವಲ್ಲ. ಅಂದು ಕಾವಸ್‌ಜಿ ಬಯಸಿದ ಮಾನವೇ ಅದು.