ಕೈಲಾಸಂ ಕೇಳಿದ ಪ್ರಶ್ನೆ

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾವು ‘ಟೊಳ್ಳುಗಟ್ಟಿ’ ನಾಟಕವಾಡಿದೆವು. ತರಗತಿಗೆ ಮೊದಲಿಗನೆಂದು ಮೇಷ್ಟ್ರು ನನಗೆ ಪುಟ್ಟುವಿನ ಪಾತ್ರ ಕೊಟ್ಟರು. ಗಣಿತದಲ್ಲಿ ಸದಾ ಫೇಲಾಗುತ್ತಿದ್ದ ಗೆಳೆಯ ಮಾಧುವಾದ. ಚಪ್ಪಾಳೆಯೆಲ್ಲ ಅವನಿಗೇ ಬಿತ್ತು. ನನಗೆ ಒಳಗೊಳಗೇ ಸಿಟ್ಟು.

ಈ ನಾಟಕ ಬರೆದ ಟಿ. ಪಿ. ಕೈಲಾಸಂ (1884–1946) ಓದಿನಲ್ಲಿ ಹಿಂದುಳಿದವರಲ್ಲ. ನ್ಯಾಯಾಧೀಶರ ಮಗ. ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಕೊನೆಗೆ ಅದನ್ನೂ ಬಿಟ್ಟವರು. ರಾಜರಾಣಿಯರ ಕಂಪನಿ ನಾಟಕಗಳ ಕಾಲದಲ್ಲಿ ಅವರು ಮಧ್ಯಮ ವರ್ಗದ ಮನೆಯ ನಡುಮನೆಯನ್ನೇ ರಂಗಕ್ಕೆ ತಂದರು. ಇಂಗ್ಲಿಷ್ ಬೆರೆತ ಆಡುಗನ್ನಡವೇ ಅವರ ಅಸ್ತ್ರ. ದೇಶವೆಲ್ಲ ಸ್ವರಾಜ್ಯ ಕೇಳುತ್ತಿದ್ದ ಕಾಲದಲ್ಲಿ ಮನೆಯೊಳಗೆ ಆಳುವವರು ಯಾರು ಎಂದು ‘ಹೋಂ ರೂಲು’ ನಗಿಸಿತು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ಹೆಸರೇ ಇಂದು ನಮ್ಮ ಮಾತಿನಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ‘ಕನ್ನಡ ಪ್ರಹಸನ ಪಿತಾಮಹ’ ಎಂದು ಕರೆಸಿಕೊಂಡ ಅವರು 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಆದರೆ ಅವರ ನಗೆಯ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ: ವಿದ್ಯೆ ಯಾತಕ್ಕೆ? ‘ಟೊಳ್ಳುಗಟ್ಟಿ’ಯ ತಂದೆ ಮಕ್ಕಳನ್ನು ಅಂಕದಿಂದಲೇ ಅಳೆಯುತ್ತಾನೆ. ಮನೆಗೆ ಬೆಂಕಿ ಬಿದ್ದಾಗ ಮಾತ್ರ ಗಟ್ಟಿ ಯಾರು, ಟೊಳ್ಳು ಯಾರು ಎಂಬುದು ಬಯಲಾಗುತ್ತದೆ. ಏಕಲವ್ಯನ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ಪರ್ಪಸ್’ ನಾಟಕದಲ್ಲೂ ಇದೇ ಪ್ರಶ್ನೆ. ಅರ್ಜುನನಿಗೆ ಜಗತ್ತಿನ ಶ್ರೇಷ್ಠ ಬಿಲ್ಲುಗಾರನಾಗುವ ಆಸೆ; ಏಕಲವ್ಯನಿಗೆ ಜಿಂಕೆಮರಿಗಳನ್ನು ತೋಳಗಳಿಂದ ಉಳಿಸುವ ಆಸೆ. ಗುರಿ ಇಬ್ಬರದೂ ಬಿಲ್ವಿದ್ಯೆಯೇ, ಉದ್ದೇಶ ಮಾತ್ರ ಬೇರೆ.

ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ನಡುರಾತ್ರಿ ಅಮ್ಮನಿಗೆ ಎದೆನೋವು ಬಂತು. ನಾನು ಫೋನಿನಲ್ಲಿ ಸಲಹೆ ಕೊಡುತ್ತಿದ್ದೆ. ಅಷ್ಟರಲ್ಲಿ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆ ಸೇರಿಸಿದ್ದವನು ಅದೇ ನಮ್ಮ ಮಾಧು. ನಾನು ಬೆಳಿಗ್ಗೆ ತಲುಪಿದಾಗ ಅವನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೇ ನಿದ್ದೆ ಹೋಗಿದ್ದ. ಮೇಷ್ಟ್ರು ಅಂದು ಪಾತ್ರ ಹಂಚಿದ್ದು ಎಷ್ಟು ಸರಿಯಾಗಿತ್ತು ಎನಿಸಿ ತಲೆತಗ್ಗಿಸಿದೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಇಂದಿನ ಮಕ್ಕಳಿಗೆ ನನ್ನದೊಂದು ಮಾತು. ಚೆನ್ನಾಗಿ ಓದಿ, ಅಂಕವನ್ನೂ ತೆಗೆಯಿರಿ. ಜೊತೆಗೆ ‘ಟೊಳ್ಳುಗಟ್ಟಿ’ಯನ್ನು ಮತ್ತೊಮ್ಮೆ ಆಡಿ. ಚಪ್ಪಾಳೆ ಹೊಡೆಯಲು ನಾನೂ ಬರುತ್ತೇನೆ.